ಈ ದೀಪಾವಳಿಗೆ ಪಟಾಕಿ ಹಾಕೋದಾ, ಬಿಡೋದಾ? ನಾಲ್ಕು ದಾರಿಗಳ ಲೆಕ್ಕ

ಶ್ರಾವಣ ಶುರುವಾಗಿ ನಾಲ್ಕು ದಿನ ಆಗಿರುವುದಿಲ್ಲ, ಬೆಳಗಾವಿಯ ಸಣ್ಣ ವ್ಯಾಪಾರಿಗಳು ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ: "ಸರ್, ಈ ಸಲ ಪಟಾಕಿ ಹಾಕೋಣೇನ್ರೀ?" ನಾನು ಪಟಾಕಿ ಮಾರುವವನಲ್ಲ, ಸಣ್ಣ ಅಂಗಡಿಗಳ ಲೆಕ್ಕ ಬರೆಯುವವನು. ಕಿರಾಣಿ, ಸ್ಟೇಷನರಿ, ರೆಡಿಮೇಡ್ ಬಟ್ಟೆ ಮಾರುವವರು ವರ್ಷಕ್ಕೊಮ್ಮೆ ಒಂದು ವಾರ ಪಟಾಕಿ ವ್ಯಾಪಾರಕ್ಕೆ ಇಳಿಯುವುದು ನಮ್ಮ ಕಡೆ ಹೊಸದಲ್ಲ. ಬಾಗಲಕೋಟೆಯ ನವನಗರದಿಂದ, ವಿಜಯಪುರದಿಂದಲೂ ಇದೇ ಮಾತಿಗೆ ಫೋನ್ ಬರುತ್ತದೆ.

ಮೊದಲೆಲ್ಲ ಉತ್ತರ ಸುಲಭವಿತ್ತು. ಒಳ್ಳೆ ಜಾಗ ಸಿಕ್ಕರೆ ಹಾಕಿ, ಸಿಗದಿದ್ದರೆ ಬಿಡಿ. ಈಗ ಹಾಗಿಲ್ಲ. ನಿಯಮ ಬಿಗಿಯಾಗಿದೆ ಅನ್ನುವುದು ಒಂದು ಕಡೆ. ಆದರೆ ಆ ನಿಯಮ ಯಾವಾಗ ಬರುತ್ತದೆ ಅನ್ನುವುದೇ ವ್ಯಾಪಾರಿಗೆ ದೊಡ್ಡ ತಲೆನೋವು.

ಹಳೆ ಕ್ಯಾಲೆಂಡರ್ ತೆಗೆದು ನೋಡಿ. 2018ರಲ್ಲಿ ದೀಪಾವಳಿ ನವೆಂಬರ್ ಮೊದಲ ವಾರ. ಸುಪ್ರೀಂ ಕೋರ್ಟ್ ಆದೇಶ ಬಂದದ್ದು ಅಕ್ಟೋಬರ್ 23ಕ್ಕೆ: ಸರಪಟಾಕಿ ಬೇಡ, ಬೇರಿಯಂ ಅನ್ನುವ ರಾಸಾಯನಿಕ ಹಾಕಿದ್ದು ಬೇಡ, ಆನ್‌ಲೈನ್ ಮಾರಾಟ ಬೇಡ, ಹಬ್ಬದ ದಿನ ಹಾರಿಸುವುದು ರಾತ್ರಿ 8ರಿಂದ 10 ಮಾತ್ರ. 2020ರಲ್ಲಿ ಹಬ್ಬ ನವೆಂಬರ್ 14ಕ್ಕೆ. ಕೋವಿಡ್ ಕಾರಣಕ್ಕೆ ಪಟಾಕಿ ನಿಷೇಧ ಅಂತ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಹೇಳಿದ್ದು ನವೆಂಬರ್ 6ಕ್ಕೆ. ಮರುದಿನವೇ ಹಸಿರು ಪಟಾಕಿಗೆ, ಅಂದರೆ ಹೊಗೆ ಕಡಿಮೆ ಬರುವ ಬಗೆಗೆ, ಅಡ್ಡಿಯಿಲ್ಲ ಅಂತಾಯಿತು. ಆ ಒಂದು ರಾತ್ರಿ ಎಷ್ಟು ವ್ಯಾಪಾರಿಗಳಿಗೆ ನಿದ್ದೆ ಬಂದಿರಲಿಕ್ಕಿಲ್ಲ, ಯೋಚನೆ ಮಾಡಿ. 2021ರಲ್ಲಿ ಹಬ್ಬ ನವೆಂಬರ್ 4ಕ್ಕೆ, ಬೇರಿಯಂ ನಿಷೇಧವನ್ನು ಕೋರ್ಟ್ ಮತ್ತೆ ಗಟ್ಟಿಯಾಗಿ ಹೇಳಿದ್ದು ಅಕ್ಟೋಬರ್ 29ಕ್ಕೆ.

2023ರದು ಬೇರೆಯದೇ ಕಥೆ. ಅಕ್ಟೋಬರ್ 7ಕ್ಕೆ ಬೆಂಗಳೂರು ಹತ್ತಿರದ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು 14ಕ್ಕೂ ಹೆಚ್ಚು ಜನ ಸತ್ತರು. ಅದಾದ ಕೆಲವೇ ದಿನಕ್ಕೆ ರಾಜ್ಯ ಸರ್ಕಾರ ಮದುವೆ, ರಾಜಕೀಯ ಸಭೆ, ಗಣೇಶನ ಮೆರವಣಿಗೆಯಲ್ಲಿ ಪಟಾಕಿ ಬೇಡ ಅಂದಿತು, ಹಸಿರು ಪಟಾಕಿ ಮಾತ್ರ ಮಾರಬೇಕು ಅಂದಿತು. ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟ್, ತನ್ನ ಹಳೆ ಆದೇಶ ದಿಲ್ಲಿಗಷ್ಟೇ ಅಲ್ಲ, ಎಲ್ಲ ರಾಜ್ಯಗಳಿಗೂ ಅನ್ವಯ ಅಂತ ಸ್ಪಷ್ಟ ಮಾಡಿತು. ಹಬ್ಬ 12ಕ್ಕೆ.

ಈಗ ಇದರ ಪಕ್ಕಕ್ಕೆ ವ್ಯಾಪಾರಿಯ ಕ್ಯಾಲೆಂಡರ್ ಇಡಿ. ಶಿವಕಾಶಿಗೆ ಅಡ್ವಾನ್ಸ್ ಹೋಗುವುದು ಶ್ರಾವಣದ ಹೊತ್ತಿಗೆ. ಮಾಲು ಬರುವುದು ದಸರಾ ಆಸುಪಾಸು. ಅಂದರೆ ದುಡ್ಡು ಮೊದಲು ಹೋಗುತ್ತದೆ, ನಿಯಮ ಆಮೇಲೆ ಬರುತ್ತದೆ. ನಿಯಮ ಸರಿಯೋ ತಪ್ಪೋ ಅನ್ನುವುದು ಬೇರೆ ಮಾತು. ಅತ್ತಿಬೆಲೆ ಆದ ಮೇಲೆ ಬಿಗಿ ಬೇಡ ಅನ್ನಲಿಕ್ಕೆ ನನಗಂತೂ ಬಾಯಿ ಬರುವುದಿಲ್ಲ. ಆದರೆ ಬಂಡವಾಳ ಹಾಕುವವರು ಈ ನಡುವಿನ ಅಂತರವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಲಾಭ ಎಷ್ಟು ಅಂತ ಆಮೇಲೆ ನೋಡೋಣ. ಕೊನೆ ವಾರ ಏನಾದರೂ ಆದರೆ ಮಾಲು ಯಾರ ತಲೆ ಮೇಲೆ ಉಳಿಯುತ್ತದೆ? ಮೊದಲ ಪ್ರಶ್ನೆ ಅದು.

ಯಾವುದರ ಮೇಲೆ ತೂಗಬೇಕು

ನಾನು ಎಲ್ಲರಿಗೂ ಇಷ್ಟು ಕೇಳುತ್ತೇನೆ. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ವಾಪಸ್ ಬಾರದ ಖರ್ಚು ಎಷ್ಟು? ಶೆಡ್ಡು, ಮೈದಾನದ ಬಾಡಿಗೆ, ಶುಲ್ಕ, ವೈರಿಂಗ್, ಬೆಂಕಿ ಆರಿಸುವ ಸಿಲಿಂಡರ್, ಹುಡುಗರ ಪಗಾರ ಎಲ್ಲ ಇದರಲ್ಲಿ ಬಂತು. ಎರಡನೆಯದು, ಉಳಿದ ಮಾಲಿನ ಗತಿ ಏನು? ಮೂರನೆಯದು, ಹಾಕುವ ದುಡ್ಡು ಮನೆಯದೋ, ಬಡ್ಡಿಯದೋ? ಸೊಸೈಟಿ ಸಾಲ ತಂದು ಪಟಾಕಿ ಹಾಕುವವರಿಗೂ ಕೈಯಲ್ಲಿದ್ದ ದುಡ್ಡು ಹಾಕುವವರಿಗೂ ಒಂದೇ ಉತ್ತರ ಕೊಡಲು ಆಗುವುದಿಲ್ಲ. ಕೊನೆಯದು, ಕಾಗದಪತ್ರಕ್ಕೆ ಓಡಾಡಲು ಮನೆಯಲ್ಲಿ ಯಾರಿದ್ದಾರೆ? ಡಿಸಿ ಆಫೀಸು, ಅಗ್ನಿಶಾಮಕ, ಪೊಲೀಸು, ಪಾಲಿಕೆ. ದಿನದ ಅಂಗಡಿ ಬಿಟ್ಟು ಓಡಾಡಿದರೆ ಅದೂ ಖರ್ಚೇ.

ತೆರಿಗೆಯ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಟಾಕಿಗೆ ಜಿಎಸ್‌ಟಿ 18%. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ 28% ಇತ್ತು, ಆ ವರ್ಷದ ದೀಪಾವಳಿ ಅದರಲ್ಲೇ ಮುಗಿಯಿತು. 18ಕ್ಕೆ ಇಳಿಸಿದ್ದು ಹಬ್ಬ ಆದ ಮೇಲೆ, ನವೆಂಬರ್‌ನಲ್ಲಿ! ಸರಕು ಮಾತ್ರ ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷದ ಒಳಗಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. ಹಾಗಂತ ತೆರಿಗೆ ತಪ್ಪಿತು ಅಂದುಕೊಳ್ಳಬೇಡಿ. ಖರೀದಿಯಲ್ಲಿ ಕೊಟ್ಟ ತೆರಿಗೆ ನಿಮಗೆ ವಾಪಸ್ ಬರುವುದಿಲ್ಲ, ಅಸಲಿಗೇ ಸೇರುತ್ತದೆ. ತೆರಿಗೆ ಸೇರಿ 2 ಲಕ್ಷದ ಬಿಲ್ಲು ಅಂದರೆ ಅದರಲ್ಲಿ ಸುಮಾರು 30,500 ರೂಪಾಯಿ ತೆರಿಗೆಯೇ. ಕಾಂಪೊಸಿಷನ್‌ನಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ಸಣ್ಣ ಪಾಲು ತೆರಿಗೆ ಕಟ್ಟುವ ಅಂಗಡಿಯವರಿಗೂ ಇದೇ ಕಥೆ. ಮಾಮೂಲು ಜಿಎಸ್‌ಟಿ ಇರುವ ಅಂಗಡಿಯವರು ಮಾತ್ರ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಇದನ್ನು ವಜಾ ಮಾಡಿಕೊಳ್ಳಬಹುದು, ಅವರ ಲೆಕ್ಕ ಸ್ವಲ್ಪ ಹಗುರ. ಆದರೆ ಪಟಾಕಿ ಪರವಾನಗಿ ಹೆಂಡತಿ ಹೆಸರಲ್ಲಿ, ಜಿಎಸ್‌ಟಿ ಗಂಡನ ಹೆಸರಲ್ಲಿ ಅಂತ ಮಾಡಿಟ್ಟರೆ ಆ ಅನುಕೂಲ ಹೋಯಿತು.

ದಾರಿ ಒಂದು: ಸ್ವಂತ ಮಳಿಗೆ

ಪರವಾನಗಿ ನಿಮ್ಮ ಹೆಸರಲ್ಲಿ, ಮಾಲು ನಿಮ್ಮದು, ಲಾಭ ಪೂರ್ತಿ ನಿಮ್ಮದು. ನಷ್ಟವೂ.

ಹಬ್ಬದ ತಾತ್ಕಾಲಿಕ ಮಳಿಗೆಗೆ 2008ರ ಸ್ಫೋಟಕ ನಿಯಮಗಳು ಏನೇನು ಹೇಳುತ್ತವೆ ಅಂತ ಒಮ್ಮೆ ಓದಿದರೆ ಖರ್ಚು ಎಲ್ಲಿಂದ ಬರುತ್ತದೆ ಅಂತ ತಾನಾಗಿ ತಿಳಿಯುತ್ತದೆ. ಶೆಡ್ಡು ಬೆಂಕಿ ಹತ್ತದ ಸಾಮಾನಿನದ್ದಾಗಿರಬೇಕು. ಅಂದರೆ ಬಿದಿರು ಕಟ್ಟಿ ಶಾಮಿಯಾನ ಬಟ್ಟೆ ಹೊದಿಸಿದರೆ ನಡೆಯುವುದಿಲ್ಲ, ತಗಡು ಬೇಕು. ಒಂದು ಮಳಿಗೆಗೂ ಇನ್ನೊಂದಕ್ಕೂ 3 ಮೀಟರ್ ಬಿಡಬೇಕು. ಮನೆ, ಶಾಲೆ, ಜನ ಸೇರುವ ಕಟ್ಟಡಗಳಿಂದ 50 ಮೀಟರ್ ದೂರ ಇರಬೇಕು. ಮಳಿಗೆಗಳು ಎದುರುಬದುರು ಇರಬಾರದು. ಒಂದು ಗುಂಪಿನಲ್ಲಿ 50ಕ್ಕಿಂತ ಜಾಸ್ತಿ ಇರಬಾರದು. ಬಲ್ಬು ವೈರಿಗೆ ನೇತಾಡಬಾರದು, ಗೋಡೆಗೋ ಮೇಲ್ಛಾವಣಿಗೋ ಕೂರಿಸಿರಬೇಕು. ಸ್ವಿಚ್ಚೂ ಗೋಡೆಗೇ, ಸಾಲಿಗೊಂದು ಮೇನ್ ಸ್ವಿಚ್ಚು. ಎಣ್ಣೆ ದೀಪ, ಗ್ಯಾಸ್ ದೀಪ ಹತ್ತಿರವೇ ಬರಬಾರದು.

ಈ ಕೊನೆಯದನ್ನು ಮಾತ್ರ ಬಿಡಿಸಿ ಹೇಳಬೇಕು. ನಮ್ಮಲ್ಲಿ ಅಮಾವಾಸ್ಯೆ ಸಂಜೆ ಅಂಗಡಿಯಲ್ಲಿ ಲಕ್ಷ್ಮೀ ಪೂಜೆ ಮಾಡದೆ ಯಾರೂ ಇರುವುದಿಲ್ಲ. ತೂಕದ ಯಂತ್ರಕ್ಕೆ ಅರಿಸಿನ ಕುಂಕುಮ, ಖಾತೆ ಪುಸ್ತಕಕ್ಕೆ ಹೂವು, ಮುಂದೆ ಸಮೆ ದೀಪ, ಊದಿನಕಡ್ಡಿ. ಕಿರಾಣಿ ಅಂಗಡಿಯಲ್ಲಿ ಅದು ಚೆಂದ. ಪಟಾಕಿ ಮಳಿಗೆಯಲ್ಲಿ ಒಂದು ಊದಿನಕಡ್ಡಿಯ ಕಿಡಿ ಸಾಕು. ಪೂಜೆ ಮನೆಯಲ್ಲೋ ನಿಮ್ಮ ಕಾಯಂ ಅಂಗಡಿಯಲ್ಲೋ ಇಟ್ಟುಕೊಳ್ಳಿ. ಹಿರಿಯರು ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಈಗ ಲೆಕ್ಕ. ಇಲ್ಲಿಂದ ಮುಂದಿನ ಅಂಕಿಗಳು ಲೆಕ್ಕ ತೋರಿಸಲು ನಾನು ಹಿಡಿದವು. ನಿಮ್ಮ ಊರಿನ ಬಾಡಿಗೆ, ನಿಮ್ಮ ಸಪ್ಲೈಯರ್ ರೇಟು ಹಾಕಿಕೊಂಡು ಇದೇ ಥರ ಮಾಡಿ. ತೆರಿಗೆ, ಸಾಗಣೆ ಸೇರಿ ಮಾಲು 2,00,000 ರೂಪಾಯಿ. ವಾಪಸ್ ಬಾರದ ಖರ್ಚು 50,000. ಅಸಲಿನ ಮೇಲೆ 40% ಹಾಕಿ ಮಾರುತ್ತೀರಿ ಅಂದುಕೊಳ್ಳಿ. ಎಲ್ಲ ಮಾಲು ಹೋದರೆ ಗಲ್ಲಾಕ್ಕೆ 2,80,000. ಉಳಿಕೆ 30,000. ಚೆನ್ನಾಗಿದೆ ಅಲ್ವಾ? ಈಗ ನೂರಕ್ಕೆ 80ರಷ್ಟು ಮಾತ್ರ ಹೋಯಿತು ಅನ್ನಿ. ಬಂದದ್ದು 2,24,000, ಹಾಕಿದ್ದು 2,50,000. 26,000 ಕೈಯಿಂದ ಹೋಯಿತು. ಹಾಕಿದ್ದು ಹುಟ್ಟಬೇಕಾದರೇ 89% ಮಾಲು ಹೋಗಬೇಕು. ಲಾಭ ಪೂರ್ತಿ ಆ ಕೊನೆಯ 11%ರಲ್ಲಿ ಕೂತಿದೆ. ಪಟಾಕಿಯಲ್ಲಿ ಡಬಲ್ ಅನ್ನುವವರು ಶೆಡ್ಡಿನ ಖರ್ಚು, ಉಳಿದ ಮಾಲು ಎರಡನ್ನೂ ಬಿಟ್ಟು ಹೇಳುತ್ತಿರುತ್ತಾರೆ.

ಉಳಿದದ್ದು ಮುಂದಿನ ವರ್ಷಕ್ಕೆ ಆಗುತ್ತದಲ್ಲ ಅಂತ ಕೇಳುತ್ತಾರೆ. ಆಗುವುದಿಲ್ಲ. ತಾತ್ಕಾಲಿಕ ಪರವಾನಗಿ ಅದರಲ್ಲಿ ಬರೆದ ದಿನಕ್ಕೆ ಮುಗಿಯುತ್ತದೆ. ಆಮೇಲೆ ಆ ಮಾಲು ಮನೆಯ ಅಟ್ಟದ ಮೇಲೋ ಅಂಗಡಿಯ ಹಿಂದಿನ ಕೋಣೆಯಲ್ಲೋ ಇಟ್ಟರೆ ಕಾನೂನಿಗೆ ತಪ್ಪು, ಮನೆಯವರಿಗೆ ಅಪಾಯ. ಕಾನೂನು ಬದಿಗಿಟ್ಟರೂ ಮಾಲು ಉಳಿಯುವುದಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ ಇಟ್ಟ ಸುರಸುರಬತ್ತಿ ಡಬ್ಬಿ ತೆರೆದು ನೋಡಿದ್ದೀರಾ? ತಂತಿಗೆ ತುಕ್ಕು, ಮಸಾಲೆ ಮುಟ್ಟಿದರೆ ಪುಡಿಪುಡಿ, ಹತ್ತು ಕಡ್ಡಿಯಲ್ಲಿ ನಾಲ್ಕು ಹೊತ್ತುವುದಿಲ್ಲ. ಮೇಲಾಗಿ ಈ ವರ್ಷ ನಡೆಯುವ ಮಾಲು ಮುಂದಿನ ವರ್ಷವೂ ನಡೆಯುತ್ತದೆ ಅಂತ ಯಾರು ಹೇಳಬೇಕು? ಸರಪಟಾಕಿ ಹಾಗೇ ಆಯಿತು. ಒಂದು ಕಾಲಕ್ಕೆ ಅಂಗಡಿಯ ಮುಂದೆ ನೇತಾಡುತ್ತಿದ್ದುದೇ ಅದು. ಈಗಲೂ ಹುಡುಗರು ಬಂದು ಕೇಳುತ್ತಾರೆ: "ಕಾಕಾ, ಸಾವಿರದ ಲಡಿ ಐತೇನ್ರೀ?" ಇಲ್ಲ ಅಂದರೆ ಪಕ್ಕದ ಮಳಿಗೆಗೆ ಹೋಗುತ್ತಾರೆ. ಅವನು ಚೀಲದ ತಳದಿಂದ ತೆಗೆದು ಕೊಟ್ಟರೆ ಗಿರಾಕಿ ಅವನ ಪಾಲು. ಆದರೆ ತಪಾಸಣೆ ಬಂದ ದಿನ ಹೋಗುವುದು ಲಡಿ ಒಂದೇ ಅಲ್ಲ, ಇಡೀ ಮಳಿಗೆ.

ಹಾಗಾದರೆ ಈ ದಾರಿ ಯಾರಿಗೆ? ಮೂರ್ನಾಲ್ಕು ವರ್ಷ ಹಾಕಿ ಗಿರಾಕಿ ಗೊತ್ತಿರುವವರಿಗೆ, ದುಡ್ಡು ಸ್ವಂತದ್ದಿರುವವರಿಗೆ, ಉಳಿದ ಮಾಲು ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಬರೆದು ಕೊಡುವ ಸಪ್ಲೈಯರ್ ಇರುವವರಿಗೆ. ಮೇಲಿನ ಲೆಕ್ಕದಲ್ಲಿ ಉಳಿದ 40,000 ರೂಪಾಯಿ ಮಾಲಿನಲ್ಲಿ ಅರ್ಧ ವಾಪಸ್ ಹೋದರೂ 26,000ದ ನಷ್ಟ 6,000ಕ್ಕೆ ಇಳಿಯುತ್ತದೆ. ರೇಟಿನಲ್ಲಿ ಎರಡು ರೂಪಾಯಿ ಜಗ್ಗಾಡುವ ಬದಲು ಈ ಒಂದು ಷರತ್ತಿಗೆ ಜಗ್ಗಾಡಿ.

ದಾರಿ ಎರಡು: ಕೂಡಿ ಹಾಕುವುದು

ಇಬ್ಬರೋ ಮೂವರೋ ಸೇರಿ ಒಂದು ಮಳಿಗೆ. ಶೆಡ್ಡು ಒಂದೇ, ಸಿಲಿಂಡರ್ ಅವೇ, ಹುಡುಗರು ಒಬ್ಬಿಬ್ಬರು ಜಾಸ್ತಿ. ಮಾಲು 4,00,000, ಖರ್ಚು 65,000 ಅಂತ ಹಿಡಿಯೋಣ. ಪೂರ್ತಿ ಹೋದರೆ 5,60,000. ಉಳಿಕೆ 95,000, ಮೂವರಿಗೆ ಹಂಚಿದರೆ ತಲಾ 31,600ರ ಮೇಲೆ. ಒಬ್ಬನೇ 2,50,000 ಹಾಕಿ ಗಳಿಸಿದ್ದಕ್ಕಿಂತ ಇದು ಸ್ವಲ್ಪ ಹೆಚ್ಚೇ, ಹಾಕಿದ್ದು ತಲಾ 1,55,000 ಮಾತ್ರ. 80% ಹೋದರೆ ಒಟ್ಟು ನಷ್ಟ 17,000, ಒಬ್ಬೊಬ್ಬರಿಗೆ ಆರು ಸಾವಿರದ ಒಳಗೆ. ಹಾಕಿದ್ದು ಹುಟ್ಟುವ ಗಡಿಯೂ 89ರಿಂದ 83%ಗೆ ಇಳಿಯಿತು.

ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಒಳ್ಳೆಯದು. ತೊಡಕು ಇರುವುದು ಮನುಷ್ಯರಲ್ಲಿ. ಪರವಾನಗಿ ಒಬ್ಬರ ಹೆಸರಿಗೆ ಬರುತ್ತದೆ. ಏನಾದರೂ ಆದರೆ ಪೊಲೀಸರು ಕೇಳುವುದು ಅವರೊಬ್ಬರನ್ನೇ. ಆ ಹೊಣೆಗೆ ಬೆಲೆ ಕಟ್ಟಿ, ಅವರಿಗೆ ಲಾಭದಲ್ಲಿ ಒಂದು ಪಾಲು ಜಾಸ್ತಿ ಅಂತ ಮೊದಲೇ ಮಾತಾಡಿ. ಪರವಾನಗಿಯನ್ನು ಬೇರೆಯವರಿಗೆ ಬಾಡಿಗೆ ಕೊಡುವುದು ಪಾಲುದಾರಿಕೆ ಅಲ್ಲ. ಹೆಸರು ನಿಂದು, ಅಂಗಡಿ ನಂದು ಅನ್ನುವ ಒಪ್ಪಂದಕ್ಕೆ ಹೋಗಲೇಬೇಡಿ. ಇನ್ನೊಂದು, ಪರವಾನಗಿಯಲ್ಲಿ ಎಷ್ಟು ತೂಕದ ಮಾಲು ಇಡಬಹುದು ಅಂತ ಬರೆದಿರುತ್ತದೆ. ಮೂವರು ದುಡ್ಡು ಹಾಕಿದ್ದೇವೆ ಅಂತ ತೂಕ ಮೂರು ಪಟ್ಟು ಆಗುವುದಿಲ್ಲ. ಮಾಲನ್ನು ಎರಡು ಕಂತಿನಲ್ಲಿ ತರಿಸಬೇಕಾದೀತು, ಸಾಗಣೆ ಖರ್ಚು ಏರುತ್ತದೆ.

ಮತ್ತೆ ಅಣ್ಣತಮ್ಮಂದಿರ ನಡುವೆಯಾದರೂ ಒಂದು ಹಾಳೆ ಬರೆದಿಡಿ. ಯಾರು ಎಷ್ಟು ಹಾಕಿದರು, ಉಳಿದ ಮಾಲಿನ ನಷ್ಟ ಯಾರಿಗೆ ಎಷ್ಟು, ಮನೆಗೆ ಒಯ್ದ ಪಟಾಕಿಗೆ ಲೆಕ್ಕ ಉಂಟೋ ಇಲ್ಲವೋ. ನಗಬೇಡಿ, ಜಗಳ ಶುರುವಾಗುವುದೇ ಆ ಕೊನೆಯದರಲ್ಲಿ. ನಮ್ಮ ಹುಡುಗರಿಗೆ ಅಂತ ಮೂವರೂ ಒಂದೊಂದು ಚೀಲ ಒಯ್ದರೆ ಹತ್ತು ಹದಿನೈದು ಸಾವಿರ ಸುಮ್ನೆ ಹೋಗಿರುತ್ತದೆ.

ದಾರಿ ಮೂರು: ಕಾಯಂ ವರ್ತಕರಿಗೆ ಆರ್ಡರ್ ಹಿಡಿದು ಕೊಡುವುದು

ವರ್ಷಪೂರ್ತಿ ಪರವಾನಗಿ ಇರುವ ವರ್ತಕರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ನಿಮಗೆ ಓಣಿಯ ಪರಿಚಯ ಇದೆ, ಅವರಿಗೆ ಗೋದಾಮು ಇದೆ. ಓಣಿ, ಕಾಲೊನಿ, ಸಂಘಗಳಿಂದ ಆರ್ಡರ್ ಬರೆದುಕೊಂಡು ಅವರಿಗೆ ಕೊಡಿ, ಕಮಿಷನ್ ತೆಗೆದುಕೊಳ್ಳಿ. ಒಂದೂವರೆ ಲಕ್ಷದ ಆರ್ಡರಿಗೆ 10% ಅಂದರೆ 15,000. ಪೆಟ್ರೋಲು, ಫೋನು ಬಿಟ್ಟರೆ ಖರ್ಚಿಲ್ಲ. ಕೊನೆ ವಾರ ಆದೇಶ ಬಂದರೆ ನಿಮ್ಮ ಕಮಿಷನ್ ಹೋಗುತ್ತದೆ, ಬಂಡವಾಳ ಹೋಗುವುದಿಲ್ಲ.

ಇಲ್ಲಿ ಎರಡು ಗೆರೆ ದಾಟಬಾರದು. ಮಾಲು ನಿಮ್ಮ ಮನೆಗೆ ಬರಬಾರದು, ಒಂದು ರಾತ್ರಿಗೂ ಬೇಡ. ಗಿರಾಕಿ ಚೀಟಿ ಹಿಡಿದು ಪರವಾನಗಿ ಇರುವ ಅಂಗಡಿಗೇ ಹೋಗಿ ತರಬೇಕು. ಎರಡನೆಯದು, ವಾಟ್ಸಾಪ್‌ನಲ್ಲಿ ರೇಟ್ ಪಟ್ಟಿ ಹಾಕಿ, ದುಡ್ಡು ಹಾಕಿಸಿಕೊಂಡು ಮನೆಗೆ ತಲುಪಿಸುವ ವ್ಯಾಪಾರ ಮಾಡಬಾರದು. ಆನ್‌ಲೈನ್ ಮಾರಾಟಕ್ಕೆ 2018ರಿಂದ ತಡೆ ಇದೆ, ನಾಳೆ ಯಾರಾದರೂ ದೂರು ಕೊಟ್ಟರೆ ನಿಮ್ಮ ಹತ್ತಿರ ಪರವಾನಗಿಯೂ ಇರುವುದಿಲ್ಲ. ಗಡಿ ಊರುಗಳಲ್ಲಿ ಕೊಲ್ಲಾಪುರ ಕಡೆಯಿಂದ ಅಗ್ಗಕ್ಕೆ ತರುತ್ತೇನೆ ಅನ್ನುವವರು ಇರುತ್ತಾರೆ. ರೈಲಿನಲ್ಲಿ ಪಟಾಕಿ ಒಯ್ದರೆ 1989ರ ರೈಲ್ವೆ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು ಇದೆ. ಬಸ್ಸಿನಲ್ಲೂ ತರುವ ಹಾಗಿಲ್ಲ.

ಈ ದಾರಿಯ ಕೊರತೆ ಏನು ಅಂದರೆ, ಹೆಸರು ನಿಮ್ಮದು, ಮಾಲು ಅವರದು. ಪಟಾಕಿ ಠುಸ್ ಅಂದರೆ ಬೈಗುಳ ನಿಮಗೆ. ರೇಟಿನ ಮಾತೂ ಹಾಗೇ. ಪಟಾಕಿ ಡಬ್ಬಿಯ ಮೇಲೆ ಅಚ್ಚಾದ ಬೆಲೆಗೂ ಮಾರುವ ಬೆಲೆಗೂ ಸಂಬಂಧವೇ ಇರುವುದಿಲ್ಲ. 600 ಅಂತ ಅಚ್ಚು ಹಾಕಿ, 75% ರಿಯಾಯಿತಿ ಅಂತ ಬೋರ್ಡು ಬರೆದು, 150ಕ್ಕೆ ಕೊಡುತ್ತಾರೆ. ಪಕ್ಕದವನು 80% ಅಂತ ಬರೆದರೆ ನಿಮ್ಮ ಗಿರಾಕಿ ನಿಮ್ಮನ್ನು ಕಳ್ಳ ಅನ್ನುತ್ತಾನೆ. ಅದಕ್ಕೇ ಆರ್ಡರ್ ಬರೆಯುವಾಗ ರಿಯಾಯಿತಿ ಎಷ್ಟು ಅಂತ ಹೇಳಬೇಡಿ, ಕೈಗೆ ಕೊಡುವ ಬೆಲೆ ಎಷ್ಟು ಅಂತಷ್ಟೇ ಬರೆಯಿರಿ. ಕೈಯಲ್ಲಿ ಲಕ್ಷ ಇಲ್ಲದವರಿಗೆ, ಮೊದಲ ಸಲ ಮಾಡುವವರಿಗೆ, ಕಾಲೇಜು ಹುಡುಗರಿಗೆ ನಾನು ಹೇಳುವುದು ಇದನ್ನೇ. ಒಂದು ಹಬ್ಬ ಹೀಗೆ ಮಾಡಿದರೆ ಯಾವ ಓಣಿಯಲ್ಲಿ ಏನು ಹೋಗುತ್ತದೆ ಅಂತ ಪುಸ್ತಕ ತಯಾರಾಗುತ್ತದೆ.

ದಾರಿ ನಾಲ್ಕು: ಪಟಾಕಿ ಬಿಟ್ಟು ಹಬ್ಬದ ಸಾಮಾನು

ಪಣತಿ, ಆಕಾಶಬುಟ್ಟಿ, ರಂಗೋಲಿ, ಲೈಟಿನ ಸರ. ಬೆಳಗಾವಿಯಲ್ಲಾದರೆ ಇದಕ್ಕೆ ಇನ್ನೊಂದು ಸೇರಿಸಿ: ದೀಪಾವಳಿಗೆ ಹುಡುಗರು ಮಣ್ಣಿನ ಕಿಲ್ಲಾ ಕಟ್ಟುತ್ತಾರಲ್ಲ, ಅದರ ಮೇಲೆ ನಿಲ್ಲಿಸುವ ಶಿವಾಜಿಯ ಮಾವಳೆ ಸೈನಿಕರ ಗೊಂಬೆಗಳು.

ಇದಕ್ಕೆ ಡಿಸಿ ಆಫೀಸಿಗೆ ಓಡಾಟ ಇಲ್ಲ, ಮೈದಾನಕ್ಕೇ ಹೋಗಬೇಕು ಅಂತಿಲ್ಲ, ನಿಮ್ಮ ಅಂಗಡಿ ಮುಂದಿನ ಕಟ್ಟೆ ಸಾಕು. ಮಣ್ಣಿನ ಪಣತಿಗೆ ಜಿಎಸ್‌ಟಿಯೂ ಇಲ್ಲ. ಖಾನಾಪುರದ ಮಣ್ಣಿನ ಕೆಲಸಕ್ಕೆ ಹಳೆಯ ಹೆಸರಿದೆ, ಬೆಳಗಾವಿಯವರಿಗೆ ಮಾಲು ಅಂಗಳದಲ್ಲೇ ಸಿಕ್ಕ ಹಾಗೆ. 60,000 ಮಾಲು, 8,000 ಖರ್ಚು, 50% ಏರಿಸಿ ಮಾರಾಟ ಅಂತ ಹಿಡಿದರೆ ಪೂರ್ತಿ ಹೋದಾಗ ಉಳಿಕೆ 22,000. 70% ಮಾತ್ರ ಹೋದರೆ ಗಲ್ಲಾಕ್ಕೆ 63,000, ಅಂದರೆ 5,000 ಕಡಿಮೆ. ಆದರೆ 18,000 ರೂಪಾಯಿ ಮಾಲು ನಿಮ್ಮ ಕೈಯಲ್ಲೇ ಇದೆ, ಕಾನೂನಿಗೆ ತಪ್ಪಿಲ್ಲ, ಬೆಂಕಿಯ ಭಯ ಇಲ್ಲ. ದೀಪಾವಳಿ ಆದ ಮೇಲೆ ಕಾರ್ತಿಕ ಪೂರ್ತಿ ಗುಡಿಗಳಲ್ಲಿ ದೀಪ ಹಚ್ಚುತ್ತಾರೆ, ತುಳಸಿ ಲಗ್ನ ಇದೆ. ಪಣತಿ ಹೋಗುತ್ತದೆ. ಲೈಟು, ಆಟಿಕೆ ಉಳಿದರೆ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆ. ಬಾಗಲಕೋಟೆ, ವಿಜಯಪುರದವರಿಗೆ ಈ ಎರಡು ಜಾತ್ರೆಗಳು ಉಳಿದ ಮಾಲಿಗೆ ಎರಡನೇ ಹಬ್ಬ. ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುತ್ತಾರೆ, ದೀಪಾವಳಿ ಪಟಾಕಿಯನ್ನು ಅಲ್ಲಿಗೆ ದಾಟಿಸೋಣ ಅಂತ ಒಬ್ಬರು ಕೇಳಿದ್ದರು. ಅದು ಅನುಮತಿ ತೆಗೆದುಕೊಂಡು, ಗೊತ್ತಿದ್ದವರು ಮಾಡುವ ಕೆಲಸ. ನಿಮ್ಮ ಉಳಿದ ಹೂಕುಂಡಕ್ಕೂ ಅದಕ್ಕೂ ಸಂಬಂಧ ಇಲ್ಲ.

ಬೆಳಗಾವಿಯವರಿಗೆ ಇನ್ನೊಂದು ಅನುಕೂಲ ರಾಜ್ಯೋತ್ಸವ. ನವೆಂಬರ್ 1ಕ್ಕೆ ಚೆನ್ನಮ್ಮ ಸರ್ಕಲ್ಲಿನಲ್ಲಿ ಸೇರುವ ಜನ ಎಷ್ಟು ಅಂತ ನಿಮಗೆ ಹೇಳಬೇಕಿಲ್ಲ. 2026ರಲ್ಲಿ ದೀಪಾವಳಿ ನವೆಂಬರ್ 8ರ ಸುತ್ತ ಬರುತ್ತದೆ, ರಾಜ್ಯೋತ್ಸವ ಅದಕ್ಕಿಂತ ಒಂದು ವಾರ ಮೊದಲು. ಅದೇ ಟೇಬಲ್ಲಿನ ಮೇಲೆ ಮೊದಲು ಹಳದಿ ಕೆಂಪು ಬಾವುಟ, ಶಾಲು, ಆಮೇಲೆ ಪಣತಿ, ಆಕಾಶಬುಟ್ಟಿ. ಒಂದೇ ಬಾಡಿಗೆಗೆ ಎರಡು ಹಬ್ಬ.

ಇದರಲ್ಲೂ ಕಿರಿಕಿರಿ ಇದೆ. ಪೈಪೋಟಿ ಜಾಸ್ತಿ, ಫುಟ್‌ಪಾತಿನಲ್ಲಿ ಪ್ರತಿ ನಾಲ್ಕು ಹೆಜ್ಜೆಗೊಬ್ಬರು ಪಣತಿ ಇಟ್ಟಿರುತ್ತಾರೆ. ಮಣ್ಣಿನದು ಗಾಡಿಯಲ್ಲಿ ಒಡೆಯುತ್ತದೆ. ಅಗ್ಗದ ಲೈಟಿನ ಸರ ಮರುದಿನವೇ ವಾಪಸ್ ಬರುತ್ತದೆ. ಗಿರಾಕಿ ಒಬ್ಬರು ಪಟಾಕಿಗೆ ಸಾವಿರ ರೂಪಾಯಿ ಕೊಡುವ ಕಡೆ ಇಲ್ಲಿ ನೂರಕ್ಕೂ ಚೌಕಾಸಿ ಮಾಡುತ್ತಾರೆ. ದುಡಿಮೆ ಜಾಸ್ತಿ, ಒಮ್ಮೆಗೇ ಕೈತುಂಬ ಬರುವುದಿಲ್ಲ.

ಪಟಾಕಿಯೇ ಅಂತ ನಿರ್ಧಾರ ಆದರೆ ಏನು ತರಿಸಬೇಕು

ಹಸಿರು ಪಟಾಕಿ ಮಾತ್ರ. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ನೀರಿ (NEERI) ತಯಾರಿಸಿದ ಸೂತ್ರದ ಮೇಲೆ ಮಾಡಿದ್ದು ಇದು, ಹೊಗೆಯಲ್ಲಿನ ಕಣಗಳು ಕನಿಷ್ಠ 30% ಕಡಿಮೆ ಅನ್ನುವುದು ಅದರ ಅಳತೆ. ಡಬ್ಬಿಯ ಮೇಲೆ ನೀರಿಯ ಹಸಿರು ಗುರುತು, ಕ್ಯೂಆರ್ ಕೋಡ್ ಇರುತ್ತದೆ. ಗುರುತು ಅಚ್ಚು ಹಾಕುವುದು ಕಷ್ಟದ ಕೆಲಸ ಏನಲ್ಲ, ಹಾಗಾಗಿ ಕಾರ್ಟನ್ ಬಂದ ದಿನವೇ ಪ್ರತಿ ಬಗೆಯಲ್ಲೂ ಒಂದು ಡಬ್ಬಿ ತೆಗೆದು ಕೋಡ್ ಸ್ಕ್ಯಾನ್ ಮಾಡಿ ನೋಡಿ. ತಯಾರಕರ ಹೆಸರು, ಪಟಾಕಿಯ ಹೆಸರು ಡಬ್ಬಿಗೆ ಹೊಂದಬೇಕು. ಹೊಂದದಿದ್ದರೆ ಅವತ್ತೇ ವಾಪಸ್ ಕಳಿಸಿ, ಫೋಟೊ ಇಟ್ಟುಕೊಳ್ಳಿ. ತಪಾಸಣೆಯವರು ಬಂದು ಹೇಳಿದ ಮೇಲೆ ಸಪ್ಲೈಯರ್ ಫೋನ್ ಎತ್ತುವುದಿಲ್ಲ. ಬಿಲ್ಲು ಇಲ್ಲದ ಮಾಲು ಎಷ್ಟು ಅಗ್ಗವಾದರೂ ಬೇಡ.

ಸದ್ದಿನದಕ್ಕಿಂತ ಬೆಳಕಿನದು ಜಾಸ್ತಿ ಇರಲಿ. ಸುರಸುರಬತ್ತಿ, ಹೂಕುಂಡ, ನೆಲಚಕ್ರ. ಸಣ್ಣ ಮಕ್ಕಳಿರುವ ಮನೆಯವರು ಇವನ್ನೇ ಒಯ್ಯುತ್ತಾರೆ, ಮತ್ತೆ ನಿಯಮ ಬಂದಾಗ ಮೊದಲು ಪೆಟ್ಟು ಬೀಳುವುದು ದೊಡ್ಡ ಸದ್ದಿನದಕ್ಕೆ. ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರುವ ಪಟಾಕಿ ತಯಾರಿಸುವುದಕ್ಕೂ ಮಾರುವುದಕ್ಕೂ 1999ರಿಂದಲೇ ತಡೆ ಇದೆ. ಆಟಂಬಾಂಬ್ ಹೆಸರಿನ ಯಾವುದೇ ಡಬ್ಬಿಯಾದರೂ ಈ ಅಂಕಿ ನೋಡದೆ ತೆಗೆದುಕೊಳ್ಳಬೇಡಿ.

ಎಷ್ಟು ತರಿಸಬೇಕು ಅನ್ನುವುದಕ್ಕೆ ನಮ್ಮ ಕಡೆ ಒಂದು ಅಳತೆ ಉಂಟು: ರೈತರ ಕೈಗೆ ದುಡ್ಡು ಬಂದಿದೆಯೋ ಇಲ್ಲವೋ. ಬೆಳಗಾವಿ ಜಿಲ್ಲೆಯಲ್ಲಿ ಸೋಯಾಬೀನ್ ರಾಶಿ ಆಗಿ ಮಾರಾಟ ಆಗಿರಬೇಕು, ವಿಜಯಪುರ, ಬಾಗಲಕೋಟೆಯಲ್ಲಿ ಉಳ್ಳಾಗಡ್ಡಿಗೆ, ಗೋವಿನಜೋಳಕ್ಕೆ ರೇಟು ಸಿಕ್ಕಿರಬೇಕು, ಕಬ್ಬಿನ ಹಳೆ ಬಾಕಿ ಬಂದಿರಬೇಕು. ಹಬ್ಬ ಅಕ್ಟೋಬರ್‌ನಲ್ಲೇ ಬಂದರೆ ಮುಂಗಾರು ಹೋಗುವ ಹೊತ್ತಿನ ಮಳೆ ರಾಶಿಗೂ ಅಡ್ಡ, ಪಟಾಕಿಗೂ ಅಡ್ಡ. ನವೆಂಬರ್‌ಗೆ ಬಂದರೆ ಎರಡೂ ಸ್ವಲ್ಪ ಒಣಗಿರುತ್ತವೆ. ಎಪಿಎಂಸಿಯಲ್ಲಿ ಎರಡು ದಿನ ನಿಂತು ಮಾತು ಕೇಳಿದರೆ ಆರ್ಡರ್ ಎಷ್ಟು ಕೊಡಬೇಕು ಅಂತ ಅಂದಾಜು ಸಿಗುತ್ತದೆ.

ಯಾರಿಗೆ ಯಾವುದು

ಕೈಯಲ್ಲಿ 50,000ದಿಂದ ಒಂದು ಲಕ್ಷ ಇದ್ದು, ಅದು ಹೋದರೆ ಮಗಳ ಫೀಸಿಗೆ ತೊಂದರೆ ಅನ್ನುವವರು ನಾಲ್ಕನೇ ದಾರಿ ಹಿಡಿಯಿರಿ, ಜೊತೆಗೆ ಮೂರನೆಯದನ್ನೂ ಮಾಡಬಹುದು. ಒಂದಕ್ಕೊಂದು ಅಡ್ಡ ಬರುವುದಿಲ್ಲ. ಒಂದೂವರೆ ಲಕ್ಷ ಸ್ವಂತದ್ದಿದೆ, ನಂಬುವ ಜೊತೆಗಾರರಿದ್ದಾರೆ, ಅವರಲ್ಲೊಬ್ಬರಿಗೆ ಹಿಂದೆ ಪರವಾನಗಿ ಸಿಕ್ಕಿತ್ತು ಅಂದರೆ ಎರಡನೆಯದು. ಮೊದಲನೆಯದನ್ನು ನಾನು ತೀರಾ ಕಡಿಮೆ ಜನಕ್ಕೆ ಹೇಳುತ್ತೇನೆ. ಬಡ್ಡಿ ದುಡ್ಡಿನವರಿಗಂತೂ ಹೇಳುವುದೇ ಇಲ್ಲ. ತಿಂಗಳಿಗೆ 2% ಕೈಸಾಲ ತಂದು ಎರಡೂವರೆ ಲಕ್ಷ ಹಾಕಿದರೆ, ಶ್ರಾವಣದಿಂದ ದೀಪಾವಳಿಗೆ ಮೂರು ತಿಂಗಳಿಗೆ 15,000 ಬಡ್ಡಿ. ಎಲ್ಲ ಮಾಲು ಹೋದರೂ ಉಳಿಯುವ 30,000ದಲ್ಲಿ ಅರ್ಧ ಅಲ್ಲಿಗೇ ಹೋಯಿತು.

ಮಳಿಗೆ ಹಾಕುವವರು ಅರ್ಜಿ ಕೊಟ್ಟು ಸುಮ್ಮನೆ ಕೂರಬೇಡಿ. ಅರ್ಜಿ ಯಾವ ದಿನದೊಳಗೆ ಅಂತ ಜಿಲ್ಲಾಡಳಿತ ಪ್ರಕಟಣೆ ಕೊಡುತ್ತದೆ, ದಸರಾಕ್ಕೂ ಮೊದಲೇ ಆಫೀಸಿನಲ್ಲಿ ವಿಚಾರಿಸಿ. ಅಡ್ವಾನ್ಸ್ ಕೊಡುವಾಗ ಪೂರ್ತಿ ಕೊಡದೆ ಮೂರರಲ್ಲೊಂದು ಪಾಲು ಕೊಡಿ, ಉಳಿದದ್ದು ಪರವಾನಗಿ ಕೈಗೆ ಬಂದ ಮೇಲೆ ಅಂತ ಮಾತಾಡಿ. ಸರ್ಕಾರದ ಅಥವಾ ಕೋರ್ಟಿನ ಆದೇಶದಿಂದ ಮಾರಾಟ ನಿಂತರೆ ತೆರೆಯದ ಕಾರ್ಟನ್ ಎಷ್ಟು ದಿನದೊಳಗೆ, ಯಾರ ಸಾಗಣೆ ಖರ್ಚಿನಲ್ಲಿ, ಬಿಲ್ಲಿನ ಎಷ್ಟು ಪಾಲಿಗೆ ವಾಪಸ್ ಅಂತ ಒಂದು ಸಾಲು ಬರೆಸಿಕೊಂಡು ಅವರ ಸಹಿ, ಸಿಕ್ಕಾ ಹಾಕಿಸಿ. ಕೊಡುವುದಿಲ್ಲ ಅಂದರೆ ಇನ್ನೊಬ್ಬ ಸಪ್ಲೈಯರ್‌ನ ಕೇಳಿ. ಅವರೂ ಒಪ್ಪದಿದ್ದರೆ ಆರ್ಡರ್ ಅರ್ಧಕ್ಕೆ ಇಳಿಸಿ.